ಪುಟ್ಟರಾಜು ತಡೆದು ಹಿಡಿದ ಭಲೇ

ರುದ್ರಪಟ್ಟಣದ ಪುಟ್ಟರಾಜುವಿಗೆ ಹಾಡಲು ಬರುವುದಿಲ್ಲ. ಎಮ್ಮೆ ಕರೆಯುವಾಗಲೂ ಅವನ ಶ್ರುತಿ ತಪ್ಪುತ್ತದೆಂದು ಹೆಂಡತಿ ಲಕ್ಕಮ್ಮನ ದೂರು. ಆದರೆ ಸಂಗೀತದವರ ಊರಿನಲ್ಲಿ ಐವತ್ತೆಂಟು ವರ್ಷ ಬಾಳಿ, ಆಲೂಗಡ್ಡೆ ಬೆಳೆದವನ ಕಿವಿ ಸುಮ್ಮನೆ ಇದ್ದೀತೆ? ಕಛೇರಿಯಲ್ಲಿ ಎಲ್ಲಿ ‘ಭಲೇ’ ಅನ್ನಬೇಕೆಂಬುದು ಅವನಿಗೆ ಗೊತ್ತು. ತಾನು ಅನ್ನದಿದ್ದರೆ ರಾಗಕ್ಕೆ ಮುಕ್ತಿಯಿಲ್ಲವೆಂದೂ ನಂಬಿದ್ದ.

ಹಾಸನದ ಬಡಾವಣೆಯೊಂದರ ಸಂಗೀತ ಸಭೆ ಈ ನಂಬಿಕೆಗೆ ನೀರೆರೆದಿತ್ತು. ಅಲ್ಲಿನ ಕೇಳುಗರಿಗೆ ಸಂಗೀತದ ಮೇಲೆ ಗೌರವ ಬಹಳ, ತಿಳಿವಳಿಕೆ ಅಷ್ಟಕ್ಕಷ್ಟೆ. ಮುಂದಿನ ಸಾಲಿನ ಪುಟ್ಟರಾಜುವಿನ ತಲೆಯನ್ನೇ ನೋಡುತ್ತಿದ್ದು, ಅವನು ಭಲೇ ಅಂದ ಮೇಲೆ ಚಪ್ಪಾಳೆ ತಟ್ಟುತ್ತಿದ್ದರು.

ಸಭೆಯ ಅಧ್ಯಕ್ಷ ಸುದರ್ಶನ್ ನಿವೃತ್ತ ಇಂಜಿನಿಯರ್. ಸೇತುವೆ ಕಟ್ಟುವುದು ಮುಗಿದ ಮೇಲೆ ಹಾಡು ಕಲಿತವರು. ವರ್ಷಕ್ಕೊಂದು ಕಛೇರಿಯನ್ನು ತಮಗೇ ಕೊಟ್ಟುಕೊಳ್ಳುತ್ತಿದ್ದರು. ಹೋದ ವರ್ಷ ಹಾಡುತ್ತ ಹಾಡುತ್ತ ತಾಳ ತಪ್ಪಿದರು. ಚನ್ನರಾಯಪಟ್ಟಣದಿಂದ ಬಂದಿದ್ದ ಪಿಟೀಲಿನ ಸಂಘಮಿತ್ರಾ ಸದ್ದಿಲ್ಲದೆ ಅವರನ್ನು ದಡ ಸೇರಿಸಿದಳು. ಪುಟ್ಟರಾಜು “ಭಲೇ!” ಅಂದ. ಯಾರಿಗೆ ಅಂದನೆಂದು ಸುದರ್ಶನರಿಗೆ ತಿಳಿಯಿತು. ಹಾಡು ನಿಲ್ಲಿಸಿ, ಬೆರಳು ತೋರಿಸಿ, ಮೈಕಿನಲ್ಲೇ ಅಂದರು: “ಪ್ಲೀಸ್ ರಿಫ್ರೇನ್. ಇದು ಸಂತೆಯಲ್ಲ.”

ಇನ್ನೂರು ಜನ ತಿರುಗಿ ನೋಡಿದರು. ಕೆಲವರು ನಕ್ಕರು. ಸಂತೆ ಅನ್ನುವುದು ಪುಟ್ಟರಾಜುವಿಗೆ ಅರ್ಥವಾಯಿತು, ಇನ್ನೊಂದು ಆಗಲಿಲ್ಲ. ಅರ್ಥವಾಗದ ಬೈಗುಳವೇ ಹೆಚ್ಚು ಆಳಕ್ಕೆ ಇಳಿಯುವುದು. ಎಂಟು ದಿನ ಅನ್ನ ರುಚಿಸಲಿಲ್ಲ.

ಮಗಳು ನಿಸರ್ಗ ಹೊಳೆನರಸೀಪುರದಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಭಾನುವಾರ ಬಂದವಳನ್ನು ಕೂರಿಸಿಕೊಂಡು ಕೇಳಿದ.

“ರಿಫ್ರೇನ್ ಅಂದ್ರೇನವ್ವಾ? ನಾಯಿಗೆ ಅನ್ನೋ ಮಾತಾ?”

“ಕುದುರೆದು ಕಣಪ್ಪ. ಲ್ಯಾಟಿನ್ನಲ್ಲಿ ಫ್ರೇನಮ್ ಅಂದ್ರೆ ಕಡಿವಾಣ. ಅದನ್ನ ಹಿಂದಕ್ಕೆಳೆದು ನಿಲ್ಸೋದು. ಅಲ್ಲಿಂದ ಫ್ರೆಂಚಿಗೆ ಬಂತು, ಆಮೇಲೆ ಇಂಗ್ಲಿಷಿಗೆ.”

“ಅಂಗಾರೆ ಆವಯ್ಯ ನಂಗೆ ಕಡಿವಾಣ ಆಕ್ಬುಟ್ಟ!”

“ಹಾಕಕ್ಕಾಗಲ್ಲಪ್ಪ. ಹಿಂದಿನ ಕಾಲದಲ್ಲಿ ಇನ್ನೊಬ್ಬರನ್ನ ತಡೆಯೋಕೂ ಆ ಮಾತು ನಡೀತಿತ್ತು. ಈಗ ಅವರವರೇ ತಡ್ಕೊಳ್ಳೋದು. ಕುದುರೆನೂ ನೀನೇ, ಲಗಾಮು ಹಿಡಿದೋನೂ ನೀನೇ.”

“ಕುದುರೆ ಎಲ್ಬಂತು, ಕತ್ತೆ ಅನ್ನು,” ಅಂದಳು ಒಲೆ ಮುಂದಿನ ಲಕ್ಕಮ್ಮ.

ಪುಟ್ಟರಾಜು ಎಂಟು ದಿನದಲ್ಲಿ ಮೊದಲ ಸಲ ನಕ್ಕ. ಲಗಾಮು ತನ್ನ ಕೈಲೇ ಇದೆ! ಅಂದಿನಿಂದ ವರ್ಷವಿಡೀ ಅಭ್ಯಾಸ ಮಾಡಿದ. ಮೊಬೈಲಿನಲ್ಲಿ ಎಂಥ ಕಲ್ಯಾಣಿ ರಾಗ ಬಂದರೂ ತುಟಿ ಕಚ್ಚಿಕೊಂಡ. ಉಪ್ಸಾರು ಉಂಡು ಚೆನ್ನಾಗಿದೆ ಅನ್ನುವುದನ್ನೂ ಬಿಟ್ಟ. ಲಕ್ಕಮ್ಮ ಉಪ್ಪಿನ ಡಬ್ಬಿಯನ್ನೇ ತಂದು ಮುಂದೆ ಕುಕ್ಕಿದಳು.

ಈ ವರ್ಷ ಸುದರ್ಶನರ ಕಛೇರಿಗೆ ಒಗೆದ ಪಂಚೆಯುಟ್ಟು ಹೋಗಿ ಅದೇ ಮುಂದಿನ ಸಾಲಿನಲ್ಲಿ ಕೂತ. ಕಛೇರಿ ಶುರುವಿನ ವರ್ಣ ಮುಗಿಯಿತು. ಸಭೆ ಅವನ ತಲೆ ನೋಡಿತು. ತಲೆ ಗೂಟದ ಹಾಗಿತ್ತು. ಚಪ್ಪಾಳೆಯಿಲ್ಲ. ಸುದರ್ಶನ್ ತೋಡಿ ರಾಗ ಎತ್ತಿಕೊಂಡು ಮೇಲಿನ ಷಡ್ಜದಲ್ಲಿ ನಿಂತು ಪುಟ್ಟರಾಜುವಿನತ್ತ ನೋಡಿದರು. ಏನೂ ಇಲ್ಲ. ಇನ್ನೊಮ್ಮೆ ಹೋಗಿ ನಿಂತರು. ಮೂರನೆಯ ಸಲ ಗಂಟಲು ಹಿಡಿಯಿತು. ಯಾರೋ ಕೆಮ್ಮಿದರು. ಪುಟ್ಟರಾಜುವಿನ ಎದೆಯಲ್ಲಿ ಮಜ್ಜಿಗೆ ಕುಡಿದಷ್ಟು ತಂಪು.

ಆಮೇಲೆ ಸಂಘಮಿತ್ರಾಳ ಸರದಿ. ಅದೇ ತೋಡಿಯ ಗಾಂಧಾರವನ್ನು ಅವಳು ಒಂದೇ ಒಂದು ಸಲ ಅಲುಗಿಸಿದಳು. ಪುಟ್ಟರಾಜು ಹಲ್ಲು ಕಚ್ಚಿದ, ತೊಡೆ ಚಿವುಟಿಕೊಂಡ. ವರ್ಷದ ಅಭ್ಯಾಸವೆಲ್ಲ ಒಂದು ಗಳಿಗೆಯಲ್ಲಿ ಹರಿದು ಹೋಯಿತು.

“ಭಲೇ ಮಗಳೇ!”

ಸಭೆ ಒಂದೂವರೆ ಗಂಟೆಯಿಂದ ಕೂಡಿಟ್ಟ ಚಪ್ಪಾಳೆಯನ್ನೆಲ್ಲ ಒಟ್ಟಿಗೆ ಸುರಿಯಿತು. ಸುದರ್ಶನ್ ಮತ್ತೆ ಬಾಯಿ ತೆರೆದಾಗ ಎಲ್ಲ ತಣ್ಣಗಾಯಿತು.

ಮಂಗಳ ಹಾಡಿದ ಮೇಲೆ ಅವರು ಶಾಲು ಸರಿಮಾಡಿಕೊಳ್ಳುತ್ತ ಕೆಳಗಿಳಿದು ಬಂದರು. “ಏನ್ರೀ ಪುಟ್ಟರಾಜು, ಹೋದ ವರ್ಷದ್ದನ್ನ ಮನಸ್ಸಲ್ಲಿ ಇಟ್ಕೊಂಡು ತಡ್ಕೊಂಡ್ರಾ?”

ಹೌದು ಅಂದರೆ ಆ ಮನುಷ್ಯ ಸಮಾಧಾನವಾಗಿ ನಿದ್ದೆ ಮಾಡುತ್ತಾರೆಂದು ಪುಟ್ಟರಾಜುವಿಗೆ ಹೊಳೆಯಿತು. ಕೈ ಮುಗಿದ.

“ಪಿಟೀಲಿಗೆ ತಡ್ಕಳಕ್ಕೋಗಿ ಆಗ್ನಿಲ್ಲ ಸಾ, ಭಾಳ ಕಷ್ಟ ಆಗೋಯ್ತು. ನಿಮ್ ಆಡಿಗೆ ಅಂಥ ಕಷ್ಟ ಏನೂ ಬರ್ನಿಲ್ಲ.”

ಊರಿಗೆ ಮರಳುವ ಅರಕಲಗೂಡಿನ ಬಸ್ಸಿನಲ್ಲಿ ಕಂಡಕ್ಟರ್ “ಎಲ್ಲಿಗೆ?” ಅಂದಾಗ, ಪುಟ್ಟರಾಜು ಕಛೇರಿಯ ಕತೆಯನ್ನು ವರ್ಣದಿಂದಲೇ ಹೇಳಲು ಶುರುಮಾಡಿದ.