ಬಾಗಿಲಲ್ಲಿ ಬಿಟ್ಟ ಶೂ

ನಾನು ಕೃತಕ ಕಾಲು ಮಾಡುವವಳು. ಊರಲ್ಲಿ ಯಾರಾದರೂ ಕೇಳಿದರೆ ಅಮ್ಮ 'ಇಂಜಿನಿಯರ್, ದಿಲ್ಲಿಯಲ್ಲಿದ್ದಾಳೆ' ಎಂದಷ್ಟೇ ಹೇಳಿ ಕಾಫಿ ತರಲು ಒಳಗೆ ಹೋಗಿಬಿಡುತ್ತಾಳೆ. ಮೈಯೆಲ್ಲ ಪ್ಲಾಸ್ಟರ್ ಪುಡಿ ಮೆತ್ತಿಕೊಂಡು ಮುನಿರ್ಕಾದ ಬಾಡಿಗೆ ಕೋಣೆಗೆ ಮರಳುವ ಮಗಳನ್ನು ಅವಳು ನೋಡಿಲ್ಲ, ನೋಡದಿರುವುದೇ ಒಳ್ಳೆಯದು. ಕೆಲಸ ನನಗೆ ಇಷ್ಟ. ನನ್ನಲ್ಲಿರುವ ಕೆಟ್ಟ ಗುಣವೆಂದರೆ ಮೂಗಿನ ತುದಿಯ ಕೋಪ ಮತ್ತು ನಾನು ಮಾಡಿದ್ದು ತಪ್ಪಾಗುವುದೇ ಇಲ್ಲವೆಂಬ ಜಂಬ. ಹಿಂದಿನ ಚಳಿಗಾಲದ ಒಂದು ಭಾನುವಾರ ಎರಡಕ್ಕೂ ಒಟ್ಟಿಗೆ ಪೆಟ್ಟು ಬಿತ್ತು.

ಆ ಹೆಂಗಸು ಮಯೂರ್ ವಿಹಾರ್‌ನಿಂದ ನಮ್ಮ ವರ್ಕ್‌ಶಾಪಿಗೆ ಬರುತ್ತಿದ್ದರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಮಗುವಿಗೆ ಮೂರು ತಿಂಗಳಿದ್ದಾಗ ಸ್ಕೂಟರಿಗೆ ಬಸ್ಸು ಬಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ನಾನೂ ಅವರಂತೆ ಕನ್ನಡದವಳೆಂದು ತಿಳಿದ ದಿನ ಅವರು ಊರುಗೋಲು ಪಕ್ಕಕ್ಕಿಟ್ಟು ಅರ್ಧ ಗಂಟೆ ಮಾತಾಡಿದರು. ಊರುಗೋಲಿಗೆ ಎರಡೂ ಕೈ ಬೇಕು. ಹಾಗಾಗಿ ಆ ಅಪಘಾತದ ನಂತರ ಅವರು ಒಮ್ಮೆಯೂ ಮಗುವನ್ನು ಎತ್ತಿಕೊಂಡು ನಡೆದಿರಲಿಲ್ಲ.

"ಎತ್ಕೋ ಅಂತ ಅವಳು ಕೈ ಚಾಚೋದು ಅತ್ತೆ ಕಡೆಗೆ ಮೇಡಂ. ನಾನು ಅವಳಿಗೆ ಒಂದು ಕುರ್ಚಿ ಅಷ್ಟೇ. ಕೂರೋಕೆ ಬರ್ತಾಳೆ, ಹೋಗೋಕೆ ಅತ್ತೇನೇ ಬೇಕು," ಎಂದರು ಒಂದು ದಿನ. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಅವರಿಗೆ ಬೇಕಾಗಿದ್ದದ್ದು ಒಂದೇ. ಮಗುವಿನ ಮೊದಲ ಹುಟ್ಟುಹಬ್ಬದ ಬೆಳಿಗ್ಗೆ ಮಲಗುವ ಕೋಣೆಯಿಂದ ಹಾಲ್‌ನಲ್ಲಿಟ್ಟ ಮಣೆಯವರೆಗೆ ಅವಳನ್ನು ತಾವೇ ಎತ್ತಿಕೊಂಡು ಬಂದು ಆರತಿಗೆ ಕೂರಿಸಬೇಕು. ಹನ್ನೊಂದು ಹೆಜ್ಜೆ, ಎಣಿಸಿಟ್ಟಿದ್ದರು. ಅದಕ್ಕೇ ನಾವು ಆರು ವಾರ ಅಭ್ಯಾಸ ಮಾಡಿದೆವು. ಚೀಲದಲ್ಲಿ ಒಂಬತ್ತು ಕಿಲೋ ಗೋಧಿ ಹಿಟ್ಟು ತುಂಬಿ ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು ಅವರು ವರ್ಕ್‌ಶಾಪಿನ ಉದ್ದಕ್ಕೂ ನಡೆಯುತ್ತಿದ್ದರು. ಉಳಿದ ರೋಗಿಗಳು 'ಲಡ್ಕೀ ಹೈ ಯಾ ಲಡ್ಕಾ', ಹೆಣ್ಣೋ ಗಂಡೋ ಎಂದು ತಮಾಷೆ ಮಾಡುತ್ತಿದ್ದರು.

ಅಚ್ಚು ತೆಗೆಯುವುದರಿಂದ ಹಿಡಿದು ಕೊನೆಯ ಸ್ಕ್ರೂವರೆಗೆ ನಾನೊಬ್ಬಳೇ ಮಾಡಿದ ಮೊದಲ ಕಾಲು ಅದು. ಶುಕ್ರವಾರ ಅದನ್ನು ಮನೆಗೆ ಕೊಟ್ಟು ಕಳಿಸುವಾಗ ನಮ್ಮ ಹಿರಿಯ ಕುಶಲಕರ್ಮಿ, ಎಲ್ಲರೂ ಉಸ್ತಾದ್ ಎನ್ನುವವರು, ತಲೆ ಅಲ್ಲಾಡಿಸಿದರು. "ಬೇಟಾ, ಏಕ್ ಹಫ್ತಾ ಔರ್. ಮೊದಲು ಅವರ ಮನೆಗೆ ಹೋಗಿ ಅಲ್ಲಿ ನಡೆಸಿ ನೋಡು," ಎಂದರು. ವರ್ಷಗಟ್ಟಲೆ ನನ್ನ ಸಹವಾಸದಿಂದ ಅವರಿಗೆ ಅರ್ಧ ಕನ್ನಡ ಬರುತ್ತಿತ್ತು. ನಾನು ಎಲ್ಲ ಪಕ್ಕಾ ಇದೆ ಎಂದೆ. ಭಾನುವಾರವೇ ಹುಟ್ಟುಹಬ್ಬ, ಒಂದು ವಾರ ಕಾಯುವುದೆಂದರೆ ಏನರ್ಥ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಉಸ್ತಾದ್ ಚಹಾದ ಲೋಟ ಎತ್ತಿಕೊಂಡು ಹೊರಗೆ ಹೋದರು.

ಶನಿವಾರ ಮಧ್ಯಾಹ್ನ ಆ ಹೆಂಗಸಿನಿಂದ ವಾಯ್ಸ್ ಮೆಸೇಜ್ ಬಂತು. "ಮೇಡಂ, ನಮ್ಮನೆ ನೆಲ ಏರು ಇದೆಯೇನೋ ಅನ್ನಿಸ್ತಿದೆ. ಗುಡ್ಡ ಹತ್ತಿದ ಹಾಗೆ. ಹಿಂದಕ್ಕೆ ತಳ್ಳತ್ತೆ." ನಾನು ತರಕಾರಿ ಭಯ್ಯಾನ ಜೊತೆ ಕೊತ್ತಂಬರಿಗಾಗಿ ಜಗಳವಾಡುತ್ತಿದ್ದೆ. ಎರಡು ದಿನದಲ್ಲಿ ಅಭ್ಯಾಸ ಆಗುತ್ತೆ ಎಂದು ಬರೆದು ಫೋನ್ ಜೇಬಿಗೆ ಹಾಕಿದೆ.

ಭಾನುವಾರ ಬೆಳಿಗ್ಗೆ ಎಂಟೂಕಾಲು. ಮಂಜು ದಟ್ಟವಾಗಿತ್ತು. ಹಾಲಿನ ಪ್ಯಾಕೆಟ್ ಹಿಡಿದು ಬಂದವಳು ಕೋಣೆಯ ಬಾಗಿಲಲ್ಲಿ ಎಂದಿನಂತೆ ಶೂ ಬಿಚ್ಚತೊಡಗಿದೆ. ಒಂದು ಬಿಚ್ಚಿದ್ದೆ, ಇನ್ನೊಂದು ಕಾಲಲ್ಲಿತ್ತು. ಬರಿಗಾಲಿನ ಹಿಮ್ಮಡಿ ತಣ್ಣನೆಯ ನೆಲ ಮುಟ್ಟುತ್ತಲೇ ಮೈ ಒಂದು ಕಡೆಗೆ ವಾಲಿತು. ಗುಡ್ಡ ಹತ್ತಿದ ಹಾಗೆ ಎಂದ ನಿನ್ನೆಯ ಮೆಸೇಜ್ ನೆನಪಾಯಿತು.

ಕೃತಕ ಪಾದವನ್ನು ಶೂ ನೋಡಿಕೊಂಡು ಕೂರಿಸುತ್ತೇವೆ. ಶೂವಿನ ಹಿಮ್ಮಡಿ ಮುಂಭಾಗಕ್ಕಿಂತ ಬೆರಳಗಲ ಎತ್ತರವಿರುತ್ತದೆ, ಆ ಎತ್ತರಕ್ಕೆ ತಕ್ಕಂತೆ ಕಾಲು ನೆಟ್ಟಗೆ ನಿಲ್ಲಬೇಕು. ಶೂ ಬಿಚ್ಚಿದರೆ ಹಿಮ್ಮಡಿ ಬೆರಳಗಲ ಕೆಳಗಿಳಿಯುತ್ತದೆ. ನಮ್ಮ ಪಾದವಾದರೆ ಬಾಗಿ ಹೊಂದಿಕೊಳ್ಳುತ್ತದೆ. ಆ ಪಾದ ಬಾಗುವುದಿಲ್ಲ, ಇಡೀ ಕಾಲನ್ನು ಹಿಂದಕ್ಕೆ ವಾಲಿಸಿ, ಮೊಣಕಾಲನ್ನು ಹಿಂದಕ್ಕೆ ದೂಡಿ, ಆಳನ್ನು ಅಂಗಾತ ಬೀಳಿಸಲು ನೋಡುತ್ತದೆ. ನಮ್ಮ ಫಾರ್ಮಿನಲ್ಲಿ ಪಾದರಕ್ಷೆ ಯಾವುದೆಂದು ಬರೆಯಲು ಒಂದು ಜಾಗವಿದೆ, ನಾನು ಸ್ಪೋರ್ಟ್ಸ್ ಶೂ ಎಂದು ತುಂಬಿದ್ದೆ. ಬರಿಗಾಲು ಎಂದು ಬರೆಯಲು ಜಾಗವಿಲ್ಲ. ಆರು ವಾರ ಅವರು ಶೂ ಹಾಕಿಕೊಂಡೇ ನಡೆದಿದ್ದರು. ಮುನಿರ್ಕಾದ ಈ ಗೂಡಿನೊಳಗೂ ಚಪ್ಪಲಿ ತಾರದ ನಾನು, ಕನ್ನಡದ ಮನೆಯೊಂದರಲ್ಲಿ, ಅದೂ ಆರತಿಯ ಹೊತ್ತಿಗೆ, ಯಾರೂ ಶೂ ಹಾಕಿರುವುದಿಲ್ಲವೆಂದು ಯೋಚಿಸಿರಲೇ ಇಲ್ಲ.

ಆರತಿ ಹತ್ತು ಗಂಟೆಗೆ. ಫೋನ್ ಮಾಡಿದೆ, ತೆಗೆಯಲಿಲ್ಲ. ಮತ್ತೆ ಮಾಡಿದೆ. ಶೂ ಬಿಚ್ಚಬೇಡಿ, ಮಗು ಎತ್ತಬೇಡಿ, ಬರ್ತಿದ್ದೀನಿ ಎಂದು ಬರೆದು ಕಳಿಸಿದೆ. ಹಾಲಿನ ಪ್ಯಾಕೆಟನ್ನು ಬಾಗಿಲಲ್ಲೇ ಬಿಟ್ಟು, ಬಿಚ್ಚಿದ ಶೂ ಮತ್ತೆ ಸಿಕ್ಕಿಸಿಕೊಂಡು, ಸಲಕರಣೆಯ ಚೀಲ ಹೆಗಲಿಗೇರಿಸಿ ಓಡಿದೆ.

ಭಾನುವಾರ ಮೆಟ್ರೋಗೂ ಸೋಮಾರಿತನ. ಪ್ಲಾಟ್‌ಫಾರ್ಮಿನಲ್ಲಿ ಕಾದ ನಿಮಿಷಗಳಲ್ಲಿ ಸಿಟ್ಟೆಲ್ಲ ಆ ಫಾರ್ಮ್ ತಯಾರಿಸಿದವರ ಮೇಲೆ ಹೋಯಿತು, ಆಮೇಲೆ ಫೋನ್ ತೆಗೆಯದ ಆ ಹೆಂಗಸಿನ ಮೇಲೆ. ಯಮುನೆ ದಾಟುವಾಗ ಕಿಟಕಿಯಾಚೆ ಏನೂ ಕಾಣಿಸಲಿಲ್ಲ, ಬರೀ ಬಿಳಿ. ಅಲ್ಲಿ ಫೋನ್ ನೋಡಿದೆ. ನನ್ನ ಮೆಸೇಜಿನ ಕೆಳಗೆ ಎರಡು ನೀಲಿ ಟಿಕ್‌ಗಳು ಮೂಡಿದ್ದವು. ಓದಿದ್ದರು. ಉತ್ತರವಿರಲಿಲ್ಲ. ಮತ್ತೆ ಕರೆ ಮಾಡಿದರೆ ರಿಂಗಾಗಿ ರಿಂಗಾಗಿ ನಿಂತಿತು. ಆಗ ನನಗೆ ನಿಜವಾದ ಹೆದರಿಕೆ ಹುಟ್ಟಿತು. ಅಂಗಾತ ಬೀಳುವವರು ಕೈಯೂರಲಾರರು, ಕೈಯಲ್ಲಿ ಮಗುವಿದ್ದರಂತೂ ಇಲ್ಲವೇ ಇಲ್ಲ. ಬೊಟಾನಿಕಲ್ ಗಾರ್ಡನ್‌ನಲ್ಲಿ ಗಾಡಿ ಬದಲಿಸುವಾಗ ಎಸ್ಕಲೇಟರಿನ ಮೇಲೆ ಜನರನ್ನು ತಳ್ಳಿಕೊಂಡು ಓಡಿದೆ. ಯಾರೋ ಬೈದರು. ನನ್ನ ಜನ್ಮದಲ್ಲಿ ಮೊದಲ ಸಲ ತಿರುಗಿ ಬೈಯಲಿಲ್ಲ.

ಅವರ ಸೊಸೈಟಿಯ ಗೇಟು ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷ. ಗಾರ್ಡ್ ರಿಜಿಸ್ಟರ್ ಮುಂದೆ ತಳ್ಳಿದ. "ಮೇಡಂ, ಎಂಟ್ರಿ ಕೀಜಿಯೇ." ಹೆಸರು, ಫ್ಲ್ಯಾಟು, ಸಮಯ, ಕೆಲಸ. ಇಂಟರ್‌ಕಾಮ್ ಒತ್ತಿದ, ಯಾರೂ ಎತ್ತಲಿಲ್ಲ. ಯಾರೂ ಎತ್ತದೆ ಒಳಗೆ ಬಿಡುವ ಹಾಗಿಲ್ಲವಂತೆ. ಕೆಲಸ ಎಂಬಲ್ಲಿ ಏನು ಬರೆಯುವುದೆಂದು ತೋಚದೆ ಕಾಲು ಎಂದು ಗೀಚಿ, ಅವನು ಅದನ್ನು ಓದುತ್ತಿದ್ದಂತೆ ಪಕ್ಕದಿಂದ ನುಗ್ಗಿಬಿಟ್ಟೆ. ಹಿಂದಿನಿಂದ ಅವನ ಸೀಟಿ ಕೇಳಿಸುತ್ತಿತ್ತು. ಲಿಫ್ಟ್ ಮೇಲೆಲ್ಲೋ ಇತ್ತು, ಮೂರು ಮಹಡಿ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದಿತ್ತು. ಹೊರಗೆ ಚಪ್ಪಲಿಗಳ ರಾಶಿ. ಅದರ ಪಕ್ಕದಲ್ಲಿ, ಗೋಡೆಗೆ ಒತ್ತಿ ಒಪ್ಪವಾಗಿ, ನಾನು ಆರು ವಾರ ನೋಡಿದ್ದ ಬೂದು ಬಣ್ಣದ ಸ್ಪೋರ್ಟ್ಸ್ ಶೂ ಇತ್ತು. ಎಡದ್ದೂ ಬಲದ್ದೂ.

ಒಳಗೆ ಹಾಡಿನ ಸದ್ದಿರಲಿಲ್ಲ, ಮಾತಿನ ಸದ್ದಿತ್ತು. ಹಾಲ್‌ನಲ್ಲಿ ಹತ್ತಿಪ್ಪತ್ತು ಜನ, ನಡುವೆ ರಂಗೋಲಿ, ಖಾಲಿ ಮಣೆ. ಕೋಣೆಯ ಬಾಗಿಲಲ್ಲಿ ರೇಷ್ಮೆ ಸೀರೆಯುಟ್ಟು ಆ ಹೆಂಗಸು ಚೌಕಟ್ಟು ಹಿಡಿದು ನಿಂತಿದ್ದರು. ಎದುರಿಗೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅತ್ತೆ.

"ಕೊಡಿ ಅತ್ತೆ. ಹನ್ನೊಂದೇ ಹೆಜ್ಜೆ."

"ನಿನ್ನೆ ಬಚ್ಚಲ ಬಾಗಿಲಲ್ಲಿ ಬಿದ್ದದ್ದು ಸಾಲದಾ? ಕೇಳಿದ್ರೆ ನೆಲ ಏರು ಅಂದೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ನಿನ್ನ ಕೈಲಾಗಲ್ಲ ಅಂದ್ರೆ ಆಗಲ್ಲ ಅಂತ ಒಪ್ಪಿಕೋ. ನಾನು ಕೂರಿಸ್ತೀನಿ, ಅದರಲ್ಲೇನು ಹೋಯ್ತು?"

"ಕೊಡಬೇಡಿ!" ಎಂದು ನಾನು ಕೂಗಿದೆ.

ಎಲ್ಲರೂ ತಿರುಗಿದರು. ನನ್ನನ್ನು ಕಂಡು ಆ ಹೆಂಗಸಿನ ಮುಖದ ರಕ್ತವೇ ಇಳಿದುಹೋಯಿತು. "ಇದಕ್ಕೇ ನಾನು ಫೋನ್ ತೆಗೀಲಿಲ್ಲ," ಎಂದರು. "ಬೇಡ ಅಂತೀರಿ ಅಂತ ಗೊತ್ತಿತ್ತು. ಶೂ ಬಿಚ್ಚಬೇಡಿ ಅಂದ್ರೆ ದೇವರ ಮುಂದೆ ಹೇಗೆ ಬರಲಿ? ನನ್ನ ಕಾಲಿಗೆ ಇನ್ನೂ ಬುದ್ಧಿ ಬಂದಿಲ್ಲ, ಒಪ್ಪಿದೆ. ಇವತ್ತೊಂದು ದಿನ ಸಂಭಾಳಿಸ್ತೀನಿ."

ಅತ್ತೆ ಗೆದ್ದವರಂತೆ ತಲೆಯಾಡಿಸಿದರು. "ಕೇಳಿದೆಯಾ? ಕಾಲು ಮಾಡಿದವರೇ ಬೇಡ ಅಂತಿದ್ದಾರೆ."

ಮೆಟ್ರೋದಲ್ಲಿ ಹೇಳಿಕೊಳ್ಳಲು ಹತ್ತು ನೆಪ ಕಟ್ಟಿಟ್ಟಿದ್ದೆ, ಫಾರ್ಮು, ಅವಸರ, ಹುಟ್ಟುಹಬ್ಬದ ದಿನ. ನಿನ್ನೆ ಬಿದ್ದು, ಬಿದ್ದದ್ದಕ್ಕೆ ತಮ್ಮ ಮೈಯನ್ನೇ ಬೈದುಕೊಂಡು ನಿಂತಿದ್ದವರ ಮುಂದೆ ಒಂದೂ ಬಾಯಿಗೆ ಬರಲಿಲ್ಲ.

"ಅವರಿಂದ ಆಗಲ್ಲ ಅಂತ ಅಲ್ಲ ಅಮ್ಮಾ," ಎಂದೆ. "ತಪ್ಪು ನನ್ನದು. ಕಾಲು ಶೂಗೆ ಕೂರಿಸಿದೀನಿ, ಬರಿಗಾಲಿಗೆ ಕೂರಿಸಿಲ್ಲ. ಅದಕ್ಕೇ ಏರು ಅನ್ನಿಸಿದ್ದು. ನಿನ್ನೆ ಅವರು ಹೇಳಿದ್ರು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಅವರು ಬಿದ್ದಿಲ್ಲ, ನಾನು ಬೀಳಿಸಿದ್ದು."

ಯಾವುದೋ ಪುಟ್ಟ ಹುಡುಗಿ ಬೆರಳು ತೋರಿಸಿ, "ಆಂಟಿ, ಆಪ್ ಕೇ ಜೂತೇ!" ಎಂದಳು. ಕೆಳಗೆ ನೋಡಿಕೊಂಡರೆ ನನ್ನ ಕೊಳಕು ಶೂ ರಂಗೋಲಿಯ ಅಂಚನ್ನು ಮೆಟ್ಟಿ ನಿಂತಿತ್ತು. ಅಲ್ಲೇ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ.

"ಎಷ್ಟು ಹೊತ್ತು ಬೇಕು?" ಅತ್ತೆ ಕೇಳಿದರು.

"ಹತ್ತು ನಿಮಿಷ."

ಮಂಚದ ತುದಿಯಲ್ಲಿ ಅವರನ್ನು ಕೂರಿಸಿ ಸೀರೆಯ ಅಂಚು ಎತ್ತಿದೆ. ಪಾದದ ಮೇಲ್ಗಡೆಯ ಸ್ಕ್ರೂಗಳಲ್ಲಿ ಒಂದನ್ನು ಸಡಿಲಿಸಿ ಎದುರಿನದನ್ನು ಬಿಗಿಮಾಡಬೇಕು. ಸ್ಕ್ರೂ ತಿರುಗಿಸುವ ಕೀಲಿ ಎರಡು ಸಲ ಜಾರಿತು. ನಿಲ್ಲಿಸಿದೆ, ನೋಡಿದೆ, ಕೂರಿಸಿದೆ, ಮತ್ತೆ ತಿರುಗಿಸಿದೆ. ಮೂರನೆಯ ಸಲ ಅವರು ಗೋಡೆ ಬಿಟ್ಟು ನಿಂತು, "ನೆಲ ಮಟ್ಟ ಆಯ್ತು," ಎಂದರು. ಇನ್ನು ಶೂ ಹಾಕಿದರೆ ಮುಂದಕ್ಕೆ ಮುಗ್ಗರಿಸುತ್ತೀರಿ, ಅದಕ್ಕೆ ಬೇರೆ ಏರ್ಪಾಡು ಮಾಡೋಣ ಎಂದೆ. ಅವರ ಗಂಡ ಹೋಗಿ ಶೂ ಎತ್ತಿ ಅಟ್ಟದ ಮೇಲಿಟ್ಟರು.

ಅತ್ತೆ ಇನ್ನೂ ಮಗುವನ್ನು ಬಿಟ್ಟಿರಲಿಲ್ಲ. "ಅಚ್ಛಾ, ಮೊದಲು ಹಿಟ್ಟು ಎತ್ಕೊಂಡು ನಡೀಲಿ," ಎಂದರು. ಹಿಟ್ಟಿನ ಕಥೆ ಸೊಸೆ ಮನೆಯಲ್ಲಿ ಹೇಳಿದ್ದರೆಂದು ಕಾಣುತ್ತದೆ. ಅಡುಗೆಮನೆಯಿಂದ ಚೀಲ ಬಂತು. ರೇಷ್ಮೆ ಸೀರೆಗೆ ಹಿಟ್ಟು ಮೆತ್ತಿಸಿಕೊಂಡು ಅವರು ಮಣೆಯವರೆಗೆ ನಡೆದು ತಿರುಗಿ ಬಂದರು. ಯಾರೂ ನಗಲಿಲ್ಲ. ನಾನು ನೆಲಕ್ಕೆ ಕೂತು ಹಿಮ್ಮಡಿಯನ್ನೇ ನೋಡುತ್ತಿದ್ದೆ. ಅದು ನೆಲ ಮುಟ್ಟಿತು, ಮೊಣಕಾಲು ಹಿಂದಕ್ಕೆ ಹೋಗಲಿಲ್ಲ.

ಅತ್ತೆ ಮಗುವನ್ನು ಕೊಟ್ಟರು. ಕೊಡುವಾಗ, "ನೆಲ ಡೊಂಕು ಅಂತ ನಾನು ಹಾಗೆ ಅನ್ನಬಾರದಿತ್ತು," ಎಂದು ಮೆಲ್ಲಗೆ ಹೇಳಿದ್ದು ಹತ್ತಿರ ಕೂತಿದ್ದ ನನಗೆ ಕೇಳಿಸಿತು.

ಒಂದು, ಎರಡು, ಮೂರು. ನಾನು ಎಣಿಸುತ್ತಿದ್ದೆ. ಆರನೆಯ ಹೆಜ್ಜೆಗೆ ಮಗುವಿಗೆ ಏನೋ ಹೊಸದೆನ್ನಿಸಿರಬೇಕು. ತಾಯಿಯ ಮುಖ ನೋಡಿತು, ತುಟಿ ಹೊರಚಾಚಿತು, ಜೋರಾಗಿ ಅಳುತ್ತ ಹಿಂದಕ್ಕೆ ತಿರುಗಿ ಅಜ್ಜಿಯ ಕಡೆ ಎರಡೂ ಕೈ ಚಾಚಿತು. ಆ ಹೆಂಗಸು ನಿಂತರು. ಮಗು ಜಗ್ಗಿದ ಕಡೆಗೆ ಮೈ ವಾಲಿತು, ಹಿಮ್ಮಡಿ ನೆಲಕ್ಕೆ ಒತ್ತಿ ನಿಂತಿತು. ಅತ್ತೆ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟು ಕೈ ನೀಡಿದವರು, ಅಷ್ಟರಲ್ಲೇ ತಡೆದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಅಮ್ಮನ ಜೊತೆ ಹೋಗು ಪುಟ್ಟಾ," ಎಂದರು. ಅವರ ಕಣ್ಣು ತುಂಬಿತ್ತು.

ಮಗು ಅಳುತ್ತಲೇ ಇತ್ತು. ಉಳಿದ ಐದು ಹೆಜ್ಜೆಗಳನ್ನು ಆ ಹೆಂಗಸು ಅಳುವ ಮಗುವನ್ನು ಎದೆಗವಚಿಕೊಂಡು ನಡೆದರು.