ಮಾವ ಹೊಡೆಸಿದ ಮೊಳೆ

ಫಾರ್ಮಸಿ ಯಾಕೆ ಬಿಟ್ಟೆ ಎಂದು ಕೇಳುವವರು ಈಗಲೂ ಸಿಗುತ್ತಾರೆ. ಓದು ತಲೆಗೆ ಹತ್ತಲಿಲ್ಲವೇ, ಯಾರಾದರೂ ಹುಡುಗ ಇದ್ದನೇ, ಮೈಯಲ್ಲಿ ಹುಷಾರಿರಲಿಲ್ಲವೇ ಎಂದು ಒಬ್ಬೊಬ್ಬರದು ಒಂದೊಂದು ಊಹೆ. ಒಂದು ಮೊಳೆಯ ಸಲುವಾಗಿ ಬಿಟ್ಟೆ ಎಂದರೆ ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಗಬೇಕು!

ನಮ್ಮ ಊರು ಜಹೀರಾಬಾದಿನ ಪಕ್ಕದಲ್ಲೇ. ಅವ್ವನ ತವರು ನಾರಾಯಣಖೇಡದ ಕಡೆ ಒಂದು ಹಳ್ಳಿ. ಅಲ್ಲಿ ಇರುವುದು ಅವಳ ಒಬ್ಬನೇ ಅಣ್ಣ, ನನ್ನ ಸೋದರಮಾವ. ನನ್ನ ಇಂಟರ್ ಮುಗಿದ ವರ್ಷ ಮಾವ ನಮ್ಮ ಮನೆಗೆ ಬಂದು, ಕೊಟ್ಟ ಚಹಾ ಆರುವ ಮೊದಲೇ ಎಲ್ಲ ಹೇಳಿ ಮುಗಿಸಿದ.

“ಸೊಸಿಗಿ ಫಾರ್ಮಸಿ ಓದಸ್ರಿ. ನಾ ಖೇಡದಾಗ ಮೆಡಿಕಲ್ ಅಂಗಡಿ ಹಾಕ್ತೀನಿ. ಕೋರ್ಸ್ ಮುಗೀತಂದ್ರ ನನ್ನ ಮಗಗ ತಂದ್ಕೋತೀನಿ.”

ಓದು, ಅಂಗಡಿ, ಮದುವೆ ಎಲ್ಲ ಒಂದೇ ಉಸಿರಿನಲ್ಲಿ. ಅಪ್ಪ ತಲೆ ಆಡಿಸಿದ. ಅವ್ವ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದು ಎಲ್ಲರ ಕೈಗೂ ಹಾಕಿದಳು, ನನ್ನ ಕೈಗೂ. ನನ್ನನ್ನು ಕೇಳಿದವರು ಯಾರೂ ಇಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ ಅನ್ನಿ. ಸಕ್ಕರೆ ತಿಂದೆ.

ಅವ್ವನಿಗೆ ಯಾಕಷ್ಟು ಖುಷಿ ಎಂಬುದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪನ ಹೊಲದಲ್ಲಿ ಹೆಣ್ಣುಮಗಳಿಗೂ ಪಾಲಿದೆ ಎಂದು ಕಾನೂನು ಹೇಳುತ್ತದೆ. ನಮ್ಮ ಕಡೆ ಆ ಪಾಲು ಕೇಳಿದವಳಿಗೆ ತವರು ಇಲ್ಲ. ಅಣ್ಣ ಕರೆದ ದಿನ ಕಚೇರಿಗೆ ಹೋಗಿ, ನನಗೇನೂ ಬೇಡ ಎಂದು ಸಹಿ ಹಾಕಿ ಬಂದವಳಿಗೆ ಮಾತ್ರ ತವರು. ಅಂಥವಳನ್ನು ಪಂಚಮಿ ಹಬ್ಬಕ್ಕೆ ಅಣ್ಣನೇ ಬಂದು ಕರೆದೊಯ್ಯುತ್ತಾನೆ. ಜೋಕಾಲಿ, ಶೇಂಗಾ ಉಂಡಿ, ಬರುವಾಗ ಉಡಿ ತುಂಬ ಅಕ್ಕಿ, ಒಂದು ಖಣ. ನಾನು ಸಣ್ಣವಳಿದ್ದಾಗ ಅವ್ವ ಹಾಗೆ ಸಹಿ ಹಾಕಿದ್ದಳು. ನಾನೂ ಜೊತೆಗಿದ್ದೆ. ಹೊರಗೆ ಬಂದಮೇಲೆ ಮಾವ ನನಗೆ ಮಿರ್ಚಿ ಭಜಿ ಕೊಡಿಸಿದ್ದು ನೆನಪಿದೆ, ಖಾರಕ್ಕೆ ಕಣ್ಣಲ್ಲಿ ನೀರು ಬಂದದ್ದೂ ನೆನಪಿದೆ. ಅಲ್ಲಿಂದ ಮುಂದೆ ಒಂದು ಪಂಚಮಿಯನ್ನೂ ಅವನು ತಪ್ಪಿಸಲಿಲ್ಲ. ಅವ್ವ ಶ್ರಾವಣ ಹತ್ತಿರವಾದರೆ ಸಾಕು, ಕಸ ಗುಡಿಸುವಾಗಲೂ ದಾರಿಯ ಕಡೆಯೇ ನೋಡುತ್ತಿದ್ದಳು.

ಹೀಗಾಗಿ ನಾನು ಫಾರ್ಮಸಿ ಓದಿದೆ. ಎರಡನೇ ವರ್ಷ ದಸರೆ ರಜೆಯಲ್ಲಿ ಅಂಗಡಿ ನೋಡಲು ಬಾ ಎಂದು ಮಾವ ಕರೆಸಿದ. ನಾರಾಯಣಖೇಡದ ಬಜಾರಿನಲ್ಲಿ ಒಳ್ಳೆಯ ಜಾಗ. ಗಾಜಿನ ಕೌಂಟರು, ಹೊಸ ಬಣ್ಣದ ವಾಸನೆ, ಗೋಡೆ ತುಂಬ ಖಾಲಿ ಅರೆಗಳು. ಲಕ್ಷ್ಮಿಯ ಫೋಟೋದ ಪಕ್ಕದಲ್ಲಿ ಒಂದು ಮೊಳೆ, ಮೊಳೆಗೆ ಒಂದು ಖಾಲಿ ಚೌಕಟ್ಟು. ಕೂಸು ಹುಟ್ಟುವ ಮೊದಲೇ ಕುಲಾವಿ!

“ಇದು ನಿಂದು ನೋಡವ್ವ,” ಅಂದ ಮಾವ. “ನಿನ್ನ ಸರ್ಟಿಫಿಕೇಟ್ ಇಲ್ಲಿ ತೂಗತದ.”

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೆ ಹೆಮ್ಮೆಯೇ ಆಯಿತು. ಆಮೇಲೆ ಕೌಂಟರಿನ ಹಿಂದೆ ನೋಡಿದೆ. ಕುರ್ಚಿ ಇದ್ದದ್ದು ಒಂದೇ. ಅದರಲ್ಲಿ ಮಾವನ ಮಗ ಮೊಬೈಲ್ ಉಜ್ಜುತ್ತ ಕೂತಿದ್ದ.

“ಮಾವ, ನಾ ಎಲ್ಲಿ ಕೂಡಬೇಕು?”

“ನೀ ಯಾಕ ಕೂಡ್ತಿ? ಗಲ್ಲೇದ ಮ್ಯಾಲ ಇಂವ ಇರ್ತಾನ, ಗುಳಿಗಿ ಕೊಡಾಕ ಹುಡುಗ್ರನ್ನ ಇಟ್ಟೀನಿ. ನೀ ಮನ್ಯಾಗ ಆರಾಮ ಇರು. ನಿನ್ನ ಕಾಗದ ಇಲ್ಲಿ ಇರ್ತದ, ಅಂಗಡಿ ಲೈಸೆನ್ಸಿಗಿ ಅಷ್ಟ ಸಾಕು. ಎಲ್ಲಾ ಕಡಿ ಹಿಂಗ ನಡೀತದ.”

ಅವನ ಮಗ ತಲೆ ಎತ್ತದೆಯೇ ನಕ್ಕ. ಮಾವನ ಮಾತಿನಲ್ಲಿ ಕೆಟ್ಟತನವೂ ಇರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಹಬ್ಬಕ್ಕೆ ಸೀರೆ ತಂದವನ ಹಾಗೆ ಪ್ರೀತಿಯಿಂದಲೇ ಹೇಳಿದ. ರಾತ್ರಿ ಹಗಲು ಕಣ್ಣು ಕೆಂಪು ಮಾಡಿಕೊಂಡು ಓದುವವಳು ನಾನು, ಅಂಗಡಿಯಲ್ಲಿ ಇರುವುದು ನನ್ನ ಹೆಸರು, ಅಡುಗೆಮನೆಯಲ್ಲಿ ಇರುವುದು ನಾನು.

ಸಿಟ್ಟು ನೆತ್ತಿಗೇರಿ ಹೊರಗೆ ಬಂದು ನಿಂತೆ. ಎದುರಿನ ಖಾಲಿ ಪ್ಲಾಟಿನಲ್ಲಿ ಅಳತೆ ನಡೆದಿತ್ತು. ಮೂರು ಕಾಲಿನ ಯಂತ್ರಕ್ಕೆ ಕಣ್ಣು ಹಚ್ಚಿ ನಿಂತವಳು ಒಬ್ಬ ಹೆಂಗಸು. ತಲೆಗೆ ದುಪಟ್ಟಾ ಸುತ್ತಿದ್ದಳು, ಕಾಲಲ್ಲಿ ಬೂಟು. ಇಸ್ತ್ರಿ ಅಂಗಿಯ ನಾಲ್ಕಾರು ದೊಡ್ಡ ಮನುಷ್ಯರು ಯಂತ್ರಕ್ಕೆ ಅಡ್ಡ ನಿಂತು ಜಗಳಾಡುತ್ತಿದ್ದರು. “ಜರಾ ಸರೀರಿ. ಅಡ್ಡ ನಿಂತ್ರ ನನಗ ಕಾಣಲ್ಲ,” ಅಂದಳು. ದನಿ ಏರಿಸಲಿಲ್ಲ. ಅವರು ಸರಿದರು! ಹೆಂಗಸು ಹೇಳಿದ್ದಕ್ಕೆ ಗಂಡಸರು ಸರಿದದ್ದನ್ನು ಅಲ್ಲಿಯ ತನಕ ನಾನು ನೋಡಿರಲಿಲ್ಲ. ಕೆಲಸ ಮುಗಿಯುವ ತನಕ ಬಿಸಿಲಲ್ಲೇ ನಿಂತಿದ್ದು, ಏನು ಓದಿದ್ದೀರಿ ಎಂದು ಕೇಳಿದೆ. ಸಿವಿಲ್ ಡಿಪ್ಲೊಮಾ, ಅದರ ಮೇಲೆ ಸರ್ವೆ ತರಬೇತಿ ಎಂದಳು.

ಫಾರ್ಮಸಿ ಬಿಟ್ಟು ಸರ್ವೆ ಕಲಿಯುತ್ತೇನೆ ಎಂದು ಮನೆಗೆ ಬಂದು ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಎರಡು ವರ್ಷ ಓದಿದ್ದು ನೀರಾಗ ಹಾಕ್ತೀ? ಹೊಲಾ ಅಳೀಲಾಕ ಗಂಡಸರು ಸತ್ತಾರೇನು?”

ಅದಕ್ಕೆಲ್ಲ ನನ್ನ ಹತ್ತಿರ ಉತ್ತರ ಇತ್ತು. ಆಮೇಲೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮೆಲ್ಲಗೆ ಕೇಳಿದಳು: “ಇನ್ ಮ್ಯಾಲ ಪಂಚಮಿಗಿ ನನಗ ಯಾರ್ ಕರೀತಾರ?”

“ನಿನ್ನ ಜೋಕಾಲಿಗಿ ನಾ ಹಗ್ಗ ಆಗಲ್ಲ,” ಅಂದುಬಿಟ್ಟೆ.

ಅಪ್ಪ ಅಂಗಳದಲ್ಲೇ ಇದ್ದ. “ಓದಾಕಿ ಆಕಿ. ಬಿಡು,” ಅಂದವನೇ ಕಬ್ಬಿಗೆ ನೀರು ಬಿಡಲು ಹೋದ. ಜಗಳ ನಮ್ಮಿಬ್ಬರಿಗೇ ಉಳಿಯಿತು.

ತಾಂಡೂರಿನಲ್ಲಿ ಡಿಪ್ಲೊಮಾ ಸೇರಿದೆ. ಮತ್ತೆ ಮೊದಲ ವರ್ಷದಿಂದ, ಹತ್ತನೆಯ ತರಗತಿ ಮುಗಿಸಿ ಬಂದ ಹುಡುಗರ ಪಕ್ಕದಲ್ಲಿ. ಅವರೆಲ್ಲ ಅಕ್ಕಾ ಅಕ್ಕಾ ಎನ್ನುತ್ತಿದ್ದರು, ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಚೇಷ್ಟೆ. ಒಬ್ಬ ಮೇಷ್ಟ್ರಂತೂ ಹಾಜರಿ ಕೂಗುವಾಗ ದಿನಾ, “ಮಾತ್ರೆ ಬಿಟ್ಟು ಮಣ್ಣಿಗೆ ಬಂದವಳು” ಎಂದು ನಗಿಸುತ್ತಿದ್ದ. ಬಟ್ಟೆ ಒಗೆದು ಹಾಕಿದರೆ ಒಣಗುವುದರೊಳಗೆ ಆ ಊರಿನ ಕಲ್ಲು ಪಾಲಿಶ್ ಕಾರ್ಖಾನೆಗಳ ಧೂಳು ಕೂತಿರುತ್ತಿತ್ತು. ಎಷ್ಟೋ ಸಲ ಅತ್ತಿದ್ದೇನೆ. ಆದರೆ ಯಾಲಾಲ್ ಕಡೆಯ ತೊಗರಿ ಹೊಲಗಳಲ್ಲಿ ಮೊದಲ ಸಲ ಸುತ್ತು ಅಳತೆ ಮಾಡಿ, ಹೊರಟ ಕಲ್ಲಿಗೇ ತಿರುಗಿ ಬಂದಾಗ ನನ್ನ ಲೆಕ್ಕ ತಾಳೆಯಾಯಿತಲ್ಲ, ಆ ಸಂತೋಷವನ್ನು ಯಾವ ಮಾತ್ರೆಯೂ ಕೊಟ್ಟಿರಲಿಲ್ಲ. ಹೊಲದ ಬದುವಿನಿಂದಲೇ ಅವ್ವನಿಗೆ ಫೋನು ಮಾಡಿದೆ. ಫೋನು ಎತ್ತಿದ್ದು ಅಪ್ಪ.

“ಇವತ್ತು ಪಂಚಮಿ ಅದವಾ,” ಅಂದ. “ನಿಮ್ಮವ್ವ ಹೊಸಾ ಸೀರಿ ಉಟ್ಕೊಂಡು ಕಟ್ಟಿ ಮ್ಯಾಲ ಕುಂತಾಳ. ಬಸ್ಸೆಲ್ಲಾ ಹೋದ್ವು. ಒಳಗ ಬಾ ಅಂದ್ರ ಬರಲೊಲ್ಲಳು.”

ಮರುವರ್ಷವೂ ಮಾವ ಬರಲಿಲ್ಲ, ಅದರ ಮರುವರ್ಷವೂ ಬರಲಿಲ್ಲ. ಫಾರ್ಮಸಿ ಮುಗಿಸಿದ ಬೇರೊಂದು ಹುಡುಗಿಯನ್ನು ಮಗನಿಗೆ ತಂದುಕೊಂಡ. ಮದುವೆಗೆ ನಮ್ಮನ್ನು ಕರೆಯಲಿಲ್ಲ. ಆ ಮೊಳೆಗೆ ಈಗ ಅವಳ ಕಾಗದ ತೂಗುತ್ತಿದೆಯಂತೆ. ಅವಳು ಮನೆಯಲ್ಲಿ ಆರಾಮ ಇದ್ದಾಳಂತೆ. ಅವ್ವ ಮಾತ್ರ ಪ್ರತಿ ಪಂಚಮಿಗೂ ಹೊಸ ಸೀರೆ ಉಡುತ್ತಾಳೆ. ಹಾಳಾಗಿ ಹೋಗಲಿ ಆ ಹಬ್ಬ!

ಲೈಸೆನ್ಸ್ ಬಂದು ನಾನು ಸರ್ವೇಯರ್ ಆದೆ. ಹೋದ ಚಳಿಗಾಲದಲ್ಲಿ ಒಂದು ಹದ್ದುಬಸ್ತಿನ ಕೆಲಸ ನನ್ನ ಪಾಲಿಗೆ ಬಂತು. ನೋಡಿದರೆ ಅವ್ವನ ತವರೂರು. ಬದುವಿನ ತಕರಾರು ಎತ್ತಿದ್ದವನು ಮಾವನ ಹೊಲದ ಪಕ್ಕದವನು, ಅಳೆಯಬೇಕಾದದ್ದು ಇಬ್ಬರ ಹೊಲವನ್ನೂ. ಬೇರೆಯವರಿಗೆ ಕೊಡಿ ಎನ್ನಬಹುದಿತ್ತು. ಅನ್ನಲಿಲ್ಲ. ನಾನು ಯಂತ್ರ ಹಿಡಿದು ನಿಂತದ್ದನ್ನು ಮಾವ ಕಣ್ಣಾರೆ ನೋಡಲಿ ಎಂದಿತ್ತು.

ಅಳತೆಯ ದಿನ ಬೆಳಗ್ಗೆ ನಾನು ಏಳುವುದರೊಳಗೆ ಅವ್ವ ತಯಾರಾಗಿ ಕೂತಿದ್ದಳು. ಪಂಚಮಿಯ ಸೀರೆ, ಕೈಯಲ್ಲಿ ಚೀಲ, ಚೀಲದಲ್ಲಿ ಅಣ್ಣನಿಗೆ ಎಂದು ಎಳ್ಳುಂಡಿ. “ಸರಕಾರದ ಕೆಲಸ ಅದವ್ವ, ನೀ ಬರಬ್ಯಾಡ,” ಅಂದೆ. “ನಾ ಎಲ್ಲಿ ನಿನ್ನ ಕೆಲಸಕ್ಕ ಬರ್ತೀನಿ? ನಾ ನನ್ನ ತವರಿಗಿ ಹೋಗ್ತೀನಿ,” ಅಂದಳು.

ಹೊಲದಲ್ಲಿ ಪಂಚರೆಲ್ಲ ಸೇರಿದ್ದರು. ಮಾವ ನನ್ನನ್ನು ನೋಡಿ ಕೈ ಮುಗಿದು, “ಬರ್ರಿ ಮೇಡಂ,” ಅಂದ. ನಾನು ಇಷ್ಟು ವರ್ಷ ಕಾದಿದ್ದ ಗಳಿಗೆ ಅದು. ಬಂದಾಗ ಬಾಯಿ ಕಹಿಯಾಯಿತು. ಅಷ್ಟರಲ್ಲಿ ಹಿಂದೆ ನಿಂತ ಅವ್ವನನ್ನು ಕಂಡ, ಮುಖ ಬಿಗಿಯಿತು.

“ನೀ ಯಾಕ ಬಂದಿ? ಮಗಳನ್ನ ಮುಂದ ಮಾಡ್ಕೊಂಡು ಪಾಲು ಕೇಳಾಕ ಬಂದಿ ಏನು? ಕೊಟ್ಟ ಹೆಣ್ಣು ಕುಲಕ್ಕ ಹೊರಗ, ನೆನಪಿಟ್ಕೊ. ನೀ ಸಹಿ ಹಾಕೀದಿ.”

ಪಂಚರು ನೆಲ ನೋಡಿದರು. ಅವ್ವ ಚೀಲವನ್ನು ಸೆರಗಿನ ಮರೆಗೆ ಸರಿಸಿದಳು.

“ಪಾಲು ಯಾರಿಗಿ ಬೇಕು ಅಣ್ಣಾ,” ಅಂದಳು. “ಬಿಸಲಾಗ ಬಂದೀನಿ. ಒಂದು ತಂಬಿಗಿ ನೀರು ಕೊಡ್ಸು.”

ಮನೆ ಕೂಗಳತೆಯಲ್ಲೇ ಇತ್ತು. ಬಾವಿ ಅದಕ್ಕಿಂತ ಹತ್ತಿರ. ಮಾವ ಅತ್ತ ತಿರುಗಿಯೂ ನೋಡಲಿಲ್ಲ. ನಮ್ಮ ಸಲುವಾಗಿ, ಅಂದರೆ ಅಳತೆಗೆ ಬಂದವರ ಸಲುವಾಗಿ, ಗಾಡಿಯಲ್ಲಿ ತಂದಿಟ್ಟಿದ್ದ ನೀರಿನ ಬಾಟಲಿಗಳಲ್ಲಿ ಒಂದನ್ನು ತೆಗೆದು ಅವಳ ಕೈಗೆ ಕೊಟ್ಟ.

ನನಗೆ ಯಂತ್ರ ಎತ್ತಿ ಒಗೆಯುವಷ್ಟು ಸಿಟ್ಟು ಬಂತು. ಒಗೆಯಲಿಲ್ಲ, ಹೊಲದ ನಡುವಿನ ಹುಣಸೆ ಗಿಡದ ಆಚೆ ಈಚೆ ಎಲ್ಲ ಅಳೆದೆ. ಬದು ಇರಬೇಕಾದಲ್ಲೇ ಇತ್ತು, ಮಾವನದು ತಪ್ಪಿರಲಿಲ್ಲ, ಹಾಗೆಂದೇ ಹೇಳಿದೆ. ಅವ್ವ ಅಷ್ಟು ಹೊತ್ತೂ ಬದುವಿನ ಮೇಲೆ ಕೂತಿದ್ದಳು, ಮನೆಯ ಕಡೆ ಮುಖ ಮಾಡಿ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಹೊರಗೆ ನೋಡುತ್ತಲೇ, ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದಳು.

“ನಾ ಸಹಿ ಹಾಕದೆ ಇದ್ದಿದ್ರ ನನಗ ಎಷ್ಟು ಬರ್ತಿತ್ತು?”

ಹೇಳಬಾರದಿತ್ತೇನೋ. ಆದರೆ ಅದನ್ನೇ ತಾನೇ ನಾನು ಕಲಿತದ್ದು.

“ಅರ್ಧ. ಹುಣಸಿ ಗಿಡದಿಂದ ಈಕಡಿ ಎಲ್ಲಾ ನಿಂದಾಗ್ತಿತ್ತು.”

“ಬಾವಿ?”

“ಬಾವೀನೂ.”

ಅವ್ವ ತೊಡೆಯ ಮೇಲಿನ ಬಾಟಲಿಯನ್ನು ನೋಡಿದಳು. “ಸಿಹಿ ನೀರಿನ ಬಾವಿ ಅದು,” ಅಂದಳು. ಜಹೀರಾಬಾದ್ ಬರುವ ತನಕ ಅವಳು ಬಾಟಲಿಯ ಮುಚ್ಚಳ ತೆಗೆಯಲಿಲ್ಲ.