ಮುಂದೆ ಕೂತ ಕಳ್ಳ

ದೆವ್ವ, ಗಾಳಿ, ದೃಷ್ಟಿ ಇವನ್ನೆಲ್ಲ ನಾನು ನಂಬಿದವಳಲ್ಲ. ನಂಬಿದರೆ ನನ್ನ ಕೆಲಸವೇ ನಡೆಯುವುದಿಲ್ಲ. ಸಿಂದಗಿಯಲ್ಲಿ ನಾನು ದನದ ಡಾಕ್ಟರು. ಎಮ್ಮೆ ಹಾಲು ಕೊಡದಿದ್ದರೆ ಯಾರೋ ಮಾಟ ಮಾಡಿಸಿದ್ದಾರೆ ಎನ್ನುವವರಿಗೆ ಕೆಚ್ಚಲುಬಾವು ತೋರಿಸಿ, ಸೂಜಿ ಚುಚ್ಚಿ, ನಾಲ್ಕು ಮಾತು ಬೈದು ಬರುವುದೇ ನನ್ನ ದಿನಚರಿ. ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕು ಸುಮ್ಮನಾಗುತ್ತಿದ್ದೆ.

ನನಗೊಬ್ಬ ತಮ್ಮ, ಮಲ್ಲು. ಬೋರ್‌ವೆಲ್ ಗಾಡಿಯ ಮೇಲೆ ಕೆಲಸಕ್ಕೆ ಸೇರಿ ರಾಜ್ಯ ರಾಜ್ಯ ತಿರುಗುತ್ತಿದ್ದ. ಆಂಧ್ರದ ಕರಾವಳಿಯ ಯಾವುದೋ ಊರಿನಲ್ಲಿ ಚಹಾ ಕುಡಿದು ಬರುತ್ತೇನೆಂದು ಇಳಿದವನು ಮರಳಲಿಲ್ಲ. ಪೊಲೀಸರು, ಪೇಪರು, ಮೈಮೇಲೆ ದೇವರು ಬಂದು ಹೇಳುವವರು ಎಲ್ಲ ಆಯಿತು. ಹತ್ತು ವರ್ಷ ಕಳೆದರೂ ಸುಳಿವು ಸಿಗಲಿಲ್ಲ. ಅವನು ಇನ್ನಿಲ್ಲವೆಂದು ಒಪ್ಪಿಕೊಂಡು, ಕ್ರಿಯೆ ಮಾಡಿಸಿ, ಫೋಟೊಗೆ ಮಾಲೆ ಹಾಕಿಬಿಡೋಣ ಎಂದು ಅವ್ವನ ಬೆನ್ನು ಹತ್ತಿದವಳು ನಾನೇ. ಅವ್ವ ನನ್ನ ಜೊತೆಗೇ ಸಿಂದಗಿಯಲ್ಲಿದ್ದಾಳೆ. ಬಾಗಿಲು ಸಪ್ಪಳವಾದಾಗಲೆಲ್ಲ ಎದ್ದು ಕೂಡುವ ಅವಳನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಆ ಚಳಿಗಾಲದಲ್ಲಿ ಅವಳು ಕೊನೆಗೂ ಹೂಂ ಅಂದಳು. ನಾನು ಅಂಡಮಾನ್ ನೋಡಿ ಬಂದ ವಾರದಲ್ಲೇ ಕ್ರಿಯೆ ಎಂದು ನಿಶ್ಚಯವಾಯಿತು.

ಅಂಡಮಾನಿಗೆ ಒಬ್ಬಳೇ ಹೊರಟಿದ್ದೆ. ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ಜೊತೆಗೆ ಯಾರು ಎಂದು ಕೇಳಿದರು. ದನಗಳಿಗೆ ರಜೆ ಸಿಗಲಿಲ್ಲ ಎಂದೆ. ಟಿಕೆಟ್ ತೆಗೆಸುವಾಗ ಪಂಚಾಂಗ ನೋಡಿರಲಿಲ್ಲ. ಪ್ರವಾಸದ ಕೊನೆಯ ದಿನವೇ ಎಳ್ಳಮಾವಾಸ್ಯೆ ಬಂದಿತ್ತು. ಅವ್ವ ಮುಖ ಊದಿಸಿಕೊಂಡರೂ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಳು. ಚರಗ ಬಿಟ್ಟು ಸಮುದ್ರ ನೋಡಲು ಹೋಗುವ ಹೆಣ್ಣುಮಗಳನ್ನು ತಾನು ಕಂಡಿಲ್ಲ ಎಂದಳು.

ಚರಗ ಎಂದರೆ, ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ, ಬನ್ನಿ ಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಅಡುಗೆಯನ್ನು ಬೆಳೆಯೊಳಗೆ ಚೆಲ್ಲಿ ಬರುವುದು. ಪಾಂಡವರ ಬೆನ್ನ ಹಿಂದೆ ಇನ್ನೊಂದು ಕಲ್ಲು ಇಡುತ್ತಾರೆ. ಅದು ಕಳ್ಳ. ಅದಕ್ಕೆ ಸುಣ್ಣವೂ ಇಲ್ಲ, ನೈವೇದ್ಯವೂ ಇಲ್ಲ. ಆದರೆ ನಮ್ಮೂರು ಅಗರಖೇಡದ ನಮ್ಮ ಹೊಲದಲ್ಲಿ ಮಾತ್ರ ಕಳ್ಳ ಮುಂದೆ ಕೂಡುತ್ತಾನೆ. ಮಲ್ಲು ಚಿಕ್ಕವನಿದ್ದಾಗ ಒಮ್ಮೆ ತಪ್ಪಿ ಕಳ್ಳನನ್ನು ಪಾಂಡವರ ಮುಂದಿಟ್ಟು, ಅವನಿಗೂ ಸುಣ್ಣ ಬಳಿದು, ತಲೆಯ ಮೇಲೆ ರೊಟ್ಟಿಯ ಚೂರು ಇಟ್ಟಿದ್ದ. ಅಜ್ಜಿ ಬೈದರೆ, ಹಿಂದೆ ಕೂಡಿಸಿದರೆ ಅವನು ಏನು ಕದಿಯುತ್ತಾನೋ ಕಾಣುವುದಿಲ್ಲ, ಹೊಟ್ಟೆ ತುಂಬಿದರೆ ಕದಿಯುವುದೂ ಇಲ್ಲ ಎಂದು ವಾದಿಸಿದ. ಆ ವರ್ಷ ಜೋಳ ಚೆನ್ನಾಗಿ ಬಂತು. ತಪ್ಪೇ ಪದ್ಧತಿಯಾಯಿತು. ಅಕ್ಕಪಕ್ಕದ ಹೊಲದವರು ಇವತ್ತಿಗೂ ನಮ್ಮನ್ನು ಕಳ್ಳನ ಬೀಗರು ಎಂದು ಕಾಡಿಸುತ್ತಾರೆ.

ಆ ಕೊನೆಯ ದಿನ ಬೆಳಿಗ್ಗೆ ಗಾಜಿನ ತಳದ ದೋಣಿಯಲ್ಲಿ ಕೂತು ಹವಳ ನೋಡಿದೆ. ಅರಿಸಿನ ಬಣ್ಣದ ಮೀನುಗಳು ಸಂತೆಗೆ ಹೊರಟಂತೆ ಗುಂಪುಗುಂಪಾಗಿ ಹೋಗುತ್ತಿದ್ದವು. ಬಯಲುಸೀಮೆಯಲ್ಲಿ ಹುಟ್ಟಿದವಳಿಗೆ ಅಷ್ಟು ನೀರು ನೋಡಿದರೆ ಖುಷಿಯ ಜೊತೆ ಸಿಟ್ಟೂ ಬರುತ್ತದೆ. ಮಧ್ಯಾಹ್ನ ನಮ್ಮನ್ನು ಜನವಸತಿಯಿಲ್ಲದ ಒಂದು ಪುಟ್ಟ ದ್ವೀಪಕ್ಕೆ ಕರೆದೊಯ್ದರು. ಮೂರು ಗಂಟೆಗೆ ಎಲ್ಲರೂ ದೋಣಿ ಹತ್ತಬೇಕು, ಅಲ್ಲಿ ಉಳಿಯಲು ಅನುಮತಿ ಇಲ್ಲ ಎಂದು ದೋಣಿಯವನು ಹಿಂದಿಯಲ್ಲಿ ಎರಡೆರಡು ಸಲ ಹೇಳಿದ. ಆ ದಿನ ಅಲ್ಲಿಗೆ ಬಂದ ಮೊದಲ ದೋಣಿ ನಮ್ಮದೇ.

ಉಳಿದವರು ನೀರಿಗಿಳಿದರು. ನಾನು ದಂಡೆ ಹಿಡಿದು ಒಬ್ಬಳೇ ನಡೆದೆ. ತಿರುವು ದಾಟಿದ ಮೇಲೆ ದೊಡ್ಡದೊಂದು ಮರ ಬುಡಮೇಲಾಗಿ ಬಿದ್ದಿತ್ತು. ಅದರ ನೆರಳಿನಲ್ಲಿ ರೊಟ್ಟಿ ತಿನ್ನೋಣವೆಂದು ಹೋದೆ. ಅಲ್ಲಿ ಪೂರ್ವಕ್ಕೆ ಮುಖ ಮಾಡಿ ಐದು ಕಲ್ಲು ಸಾಲಾಗಿ ನಿಂತಿದ್ದವು. ಸುಣ್ಣ ಹಚ್ಚಿದ್ದರು. ಮುಂದೆ ಒಂದು ಕಲ್ಲು, ಅದಕ್ಕೂ ಸುಣ್ಣ. ಅದರ ತಲೆಯ ಮೇಲೆ ರೊಟ್ಟಿಯ ಚೂರು. ಯಾವ ಹಿಟ್ಟಿನದೆಂದು ಹೇಳಲಾರೆ, ಇರುವೆ ಮುತ್ತಿದ್ದವು.

ನನಗೆ ಹೆದರಿಕೆಯಾಗಲಿಲ್ಲ. ರೋಗಿಯನ್ನು ನೋಡುವ ಹಾಗೆ ಒಂದೊಂದಾಗಿ ನೋಡಿದೆ. ಬೆರಳು ತಾಗಿಸಿದರೆ ಸುಣ್ಣ ಹಸಿ, ಬೆರಳು ಬೆಳ್ಳಗಾಯಿತು. ಬೆಳಗಿನ ಉಬ್ಬರದಲ್ಲಿ ನೀರು ಬಂದು ಹೋದ ಗುರುತು ಆ ಕಲ್ಲುಗಳಿಗಿಂತ ಮೇಲಿತ್ತು. ಎಂದರೆ ನೀರು ಇಳಿದ ಮೇಲೆ, ಅವತ್ತೇ, ಯಾರೋ ಇಟ್ಟಿದ್ದರು. ದಂಡೆಯ ತುಂಬ ಹವಳದ ಚೂರು, ಹೆಜ್ಜೆ ಮೂಡುವ ಜಾಗವಲ್ಲ. ಕಾಡಿನ ಕಡೆ ತಿರುಗಿ ಮಲ್ಲು, ಮಲ್ಲು ಎಂದು ಗಂಟಲು ಹರಿಯುವಷ್ಟು ಕೂಗಿದೆ. ಚರಗ ಚೆಲ್ಲುವಾಗ ಕೂಗುವ ಹುಲ್ಲುಲ್ಲಿಗೋ ಎಂಬ ಕೂಗನ್ನೂ ಕೂಗಿದೆ. ಯಾರೂ ಓಗೊಡಲಿಲ್ಲ. ಕಾಡಿನೊಳಗೆ ಸ್ವಲ್ಪ ದೂರ ನುಗ್ಗಿದೆ, ಬಳ್ಳಿ ಅಡ್ಡ ಬಂದವು, ದಾರಿ ಇರಲಿಲ್ಲ.

ನನ್ನನ್ನು ಹುಡುಕಿಕೊಂಡು ದೋಣಿಯವನೇ ಬಂದ. ಕಲ್ಲು ನೋಡಿ ಅವನಿಗೂ ಅಚ್ಚರಿಯಾಯಿತು. ಇಲ್ಲಿ ಯಾರೂ ಇರುವುದಿಲ್ಲ, ಮೀನಿನವರು ಅಪರೂಪಕ್ಕೆ ಇಳಿಯುತ್ತಾರೆ, ಇಂಥದ್ದನ್ನು ಮಾಡುವವರನ್ನು ತಾನು ನೋಡಿಲ್ಲ ಎಂದ. ಒಂದು ರಾತ್ರಿ ಇಲ್ಲೇ ಬಿಡು ಎಂದು ಬೇಡಿಕೊಂಡೆ. ಅವನು ಕೈಮುಗಿದ, ಲೈಸೆನ್ಸ್ ಹೋಗುತ್ತದೆ ಎಂದ. ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ಆ ಕಲ್ಲುಗಳ ಪಕ್ಕದಲ್ಲಿಟ್ಟು ದೋಣಿ ಹತ್ತಿದೆ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಯಾವ ಜಾಗದಿಂದಲೂ ಎದ್ದು ಬಂದಿಲ್ಲ. ದೋಣಿಯಲ್ಲಿದ್ದ ಪ್ರತಿಯೊಬ್ಬರನ್ನೂ ಕೇಳಿದೆ. ಆ ತಿರುವಿನ ಕಡೆ ಯಾರೂ ಹೋಗಿರಲಿಲ್ಲ.

ಪೋರ್ಟ್ ಬ್ಲೇರಿನಲ್ಲಿ ಪೊಲೀಸರಿಗೆ ಮಲ್ಲುವಿನ ಚಿತ್ರ ಕೊಟ್ಟು, ನಾನು ತೆಗೆದ ಕಲ್ಲಿನ ಫೋಟೊ ತೋರಿಸಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. ಫೋಟೊದಲ್ಲಿ ಆರು ಬಿಳಿ ಕಲ್ಲುಗಳು ಚೆನ್ನಾಗಿ ಕಾಣುತ್ತವೆ. ಆದರೆ ಆರು ಕಲ್ಲಿನಿಂದ ಏನು ಸಾಬೀತಾಗುತ್ತದೆ? ನನಗೂ ಕಾರಣ ಹುಡುಕಲು ಬರುತ್ತದೆ. ತಂಬಾಕಿನ ಜೊತೆ ಸುಣ್ಣ ಇಟ್ಟುಕೊಂಡ ಮೀನುಗಾರ ಹೊತ್ತು ಹೋಗದೆ ಆಡಿರಬಹುದು. ಯಾವುದೋ ನಾಡಿನಲ್ಲಿ ಇದೇ ಥರದ ಪೂಜೆ ಇರಬಹುದು. ಎಲ್ಲ ಸರಿ, ಆದರೆ ಎಳ್ಳಮಾವಾಸ್ಯೆಯ ದಿನವೇ, ಕಳ್ಳನನ್ನು ಮುಂದೆ ಕೂಡಿಸಿ, ತಲೆಯ ಮೇಲೆ ರೊಟ್ಟಿ ಇಡುವವರು? ಅಲ್ಲಿಗೆ ಬಂದು ನನ್ನ ಜಾಣತನವೆಲ್ಲ ನಿಂತುಬಿಡುತ್ತದೆ.

ಅವ್ವನಿಗೆ ಹೇಳಬಾರದೆಂದು ನಿರ್ಧರಿಸಿಯೇ ಮನೆಗೆ ಬಂದೆ. ಹತ್ತು ವರ್ಷಕ್ಕೆ ಗಟ್ಟಿಯಾಗಿದ್ದ ಮನಸ್ಸನ್ನು ಮತ್ತೆ ಕದಡುವುದು ಬೇಡವಾಗಿತ್ತು. ಆದರೆ ನನ್ನ ಮುಖ ನೋಡಿದವಳೇ ಏನು ಕಂಡೆ ಎಂದು ಕೇಳಿದಳು. ಫೋನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಅಳುತ್ತಾಳೆಂದುಕೊಂಡಿದ್ದೆ, ಅಳಲಿಲ್ಲ.

"ಅವನ ಇಟ್ಟಿರಬೇಕು. ಇಲ್ಲಾ, ಅವನ ಕಡಿಂದ ಕಲತವರು ಯಾರರ ಇಟ್ಟಿರಬೇಕು," ಎಂದಳು.

"ಅವ್ವಾ, ಅದು ಹಂಗ ಹೇಳಾಕ ಬರೂದಿಲ್ಲ."

"ನಿನಗ ಬರೂದಿಲ್ಲ. ಹೆಂಗರ ಆಗಲಿ, ರೊಟ್ಟಿ ಬಡದು ಕೊಡಾಕ ಯಾರೋ ಇದ್ರು, ನನ್ನ ಮಗ ಒಬ್ಬಾವನ ಇದ್ದಿಲ್ಲ. ನನಗ ಅಷ್ಟ ಸಾಕು."

ಅಷ್ಟರಲ್ಲಿ ಅಗರಖೇಡದಿಂದ ಕಾಕಾನ ಫೋನು ಬಂತು. ಪೂಜೆ ಮಾಡಿಸುವ ಐನೋರಿಗೆ ಹೇಳಬೇಕು, ಕ್ರಿಯೆ ಯಾವ ದಿನ ಎಂದು ಕೇಳುತ್ತಿದ್ದ. ಅವ್ವ ಫೋನು ನನ್ನ ಕಡೆ ಚಾಚಿದಳು. ಮಲ್ಲು ಇನ್ನಿಲ್ಲವೆಂದು ಮನೆಯಲ್ಲಿ ಎಲ್ಲರಿಗಿಂತ ಗಟ್ಟಿ ದನಿಯಲ್ಲಿ ಹೇಳುತ್ತಿದ್ದವಳು ನಾನೇ. ಆ ದಿನ ಬಾಯಿಂದ ಆ ಮಾತು ಹೊರಡಲಿಲ್ಲ. ಇವತ್ತಿಗೂ ಹೊರಟಿಲ್ಲ.